ಮನೆಗೊಂದೇ ಕ್ಯಾನು

ಅರ್ಧ ಬೆಲೆಯ ಎಣ್ಣೆ ಕ್ಯಾನನ್ನು ತಬ್ಬಿಕೊಂಡು ಅಂಗಡಿಯ ಬಿಲ್ಲಿನ ಸರತಿಗೆ ಸೇರಿದ ಮೇಲೆಯೇ ಅಕ್ಕನಿಗೆ ಗೊತ್ತಾದದ್ದು, ಮುಂದೆ ನಿಂತಿರುವ ಬೆನ್ನು ತಂಗಿಯದೆಂದು. ಅಮ್ಮನ ಹೊಲಿಗೆ ಮಿಷನ್ನು ಯಾರಿಗೆ ಎಂದು ಮಾತಿಗೆ ಮಾತು ಬೆಳೆದ ದಿನದಿಂದ ಇಬ್ಬರಲ್ಲೂ ಮಾತಿಲ್ಲ. ತಂಗಿ ಊರೊಳಗೇ ಮನೆ ಬದಲಿಸಿದ್ದೂ ಯಾರದೋ ಬಾಯಿಂದ ಅಕ್ಕನ ಕಿವಿಗೆ ಬಿದ್ದಿತ್ತು.

ಅಕ್ಕ ಟೈಲರು. ತಂಗಿಯ ಎಡಭುಜ ಚಿಕ್ಕಂದಿನಿಂದಲೂ ತುಸು ಇಳಿಜಾರು. ಬಟ್ಟೆ ಕತ್ತರಿಸುವಾಗಲೇ ಅದನ್ನು ನೋಡಿಕೊಳ್ಳಬೇಕು. ಈಗ ತೊಟ್ಟ ಅಂಗಿ ಯಾರು ಹೊಲಿದದ್ದೋ, ಕತ್ತಿನ ಕೆಳಗೆ ಸುಕ್ಕುಗಟ್ಟಿತ್ತು. ಕೈ ಚಾಚಿದರೆ ಎಳೆದು ಸರಿಮಾಡಬಹುದಾದಷ್ಟೇ ದೂರ. ಅಕ್ಕ ಕ್ಯಾನನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಬಿಲ್ಲು ಹಾಕುವ ಹುಡುಗಿ ತಂಗಿಯ ಕ್ಯಾನು ನೋಡಿದಳು, ಅಕ್ಕನದನ್ನೂ ನೋಡಿದಳು. "ಇದು ಮನೆಗೊಂದೇ ಕೊಡೋದು. ಎರಡು ಆಗಲ್ಲ."

"ನಂದು ಒಂದೇ ಇರೋದು," ಎಂದಳು ತಂಗಿ.

"ಹಿಂದಿರೋರು ನಿಮ್ಮನೆಯವರೇ ತಾನೆ? ಇಬ್ಬರ ಮುಖವೂ ಒಂದೇ ಅಚ್ಚಲ್ಲಿ ಹಾಕಿದ ಹಾಗಿದೆ!"

ತಂಗಿ ಹಿಂತಿರುಗಿ ನೋಡಿದಳು. ಕಣ್ಣಿನ ಸುತ್ತ ಕಪ್ಪಾಗಿತ್ತು. ಕಿವಿಯ ಬಳಿ ನರೆಗೂದಲು. ಇದೆಲ್ಲ ಯಾವಾಗ ಆಯಿತು ಎಂದು ಅಕ್ಕನಿಗೆ ಕೇಳಬೇಕೆನಿಸಿತು.

"ನಾವು ಬೇರೆ ಬೇರೆ ಬಂದಿದ್ದು," ಎಂದಳು ತಂಗಿ, ಅಕ್ಕನಿಂದ ನೋಟ ಕೀಳದೆ.

"ಬರೋದು ಹೇಗಾದ್ರೂ ಬನ್ನಿ. ಮನೆ ಒಂದೋ, ಬೇರೆಯೋ? ಅಷ್ಟು ಹೇಳಿ."

ಬೇರೆ ಎಂದರೆ ಮುಗಿಯಿತು, ಇಬ್ಬರಿಗೂ ಒಂದೊಂದು. ತಂಗಿ ಪರ್ಸು ತೆರೆದಳು, ಮತ್ತೆ ಮುಚ್ಚಿದಳು. ಹಿಂದಿನವರು ಗೊಣಗತೊಡಗಿದರು.

"ಒಂದೇ," ಎಂದಳು ಅಕ್ಕ. "ಅವಳಿಗೆ ಹಾಕಮ್ಮ. ನಂದು ತೆಗೆದಿಡು."

ತಂಗಿ ದುಡ್ಡು ಕೊಟ್ಟು, ಕ್ಯಾನು ಎತ್ತಿಕೊಂಡು ಹೊರಟೇಹೋದಳು.

ಅಕ್ಕನ ಬುಟ್ಟಿಯಲ್ಲಿದ್ದ ಸೋಪು, ಬೇಳೆಗಳ ಸರದಿ ಬಂದಾಗ ಬಿಲ್ಲಿನ ಕಾಗದ ಮುಗಿದಿತ್ತು. ಹುಡುಗಿ ಹೊಸ ಸುರುಳಿ ಹುಡುಕುತ್ತ ಕೂತಳು. ಗಾಜಿನ ಬಾಗಿಲಾಚೆ, ಮೆಟ್ಟಿಲ ಬಳಿ, ತಂಗಿ ಕ್ಯಾನನ್ನು ಕೆಳಗಿಟ್ಟು ನಿಂತಿದ್ದಳು. ಭಾರಕ್ಕೆ ಕೈ ಬದಲಿಸಲೋ ಏನೋ. ಒಮ್ಮೆ ರಸ್ತೆಯ ಕಡೆ ನೋಡಿದಳು, ಒಮ್ಮೆ ಬಾಗಿಲ ಕಡೆ.

"ಬೇಗ ಮಾಡಮ್ಮ," ಎಂದಳು ಅಕ್ಕ.

"ಏನಷ್ಟು ಅವಸರ?"

"ನನ್ನ ತಂಗಿ ಕಾಯ್ತಿದ್ದಾಳೆ."