ಬೇಗ ಓಡುವ ಪೋರ್ಟು

ಮಾಗಿಯ ಚಳಿ, ಬೆಳಿಗ್ಗೆ ಹಾಲು ಬರುವ ಹೊತ್ತು. ತೀರಿಹೋದ ನನ್ನ ಮಗನ ಕಂಪ್ಯೂಟರಿನಿಂದ ಫೋಟೋ, ವಿಡಿಯೋ ಕಾಪಿ ಮಾಡಿಕೊಳ್ಳಬೇಕೆಂದು ಸೊಸೆ ತನ್ನ ಅಣ್ಣನ ಮನೆಯಿಂದ ಡಿಸ್ಕು ಹಿಡಿದು ಬಂದಳು. ಜೊತೆಗೊಂದು ದೊಡ್ಡ ಸೂಟ್‌ಕೇಸು.

“ಹಳೇ ಮಿಷಿನ್ನು ಮಾವ, ಮೂರ್ನಾಲ್ಕು ದಿನ ಹಿಡಿಯುತ್ತೆ. ಅಲ್ಲೀವರೆಗೆ ಇರ್ಲಾ?”

“ಇರಮ್ಮ, ಅದಕ್ಕೇನು ಕೇಳೋದು.”

ಅವಳಿಗೆ ತೊಂದರೆಯಾಗಬಾರದೆಂದು ಮರುದಿನವೇ ರಿಪೇರಿಯವನನ್ನು ಕರೆಸಿದೆ. ಅವನು ಕಂಪ್ಯೂಟರಿನ ಡಬ್ಬ ಬಿಚ್ಚಿ, ಡಿಸ್ಕು ಚುಚ್ಚಲು ಬೇಗ ಓಡುವ ಪೋರ್ಟುಗಳ ಕಾರ್ಡು ಕೂರಿಸಿದ.

“ಇನ್ನು ಅಡುಗೆ ಆಗೋದ್ರೊಳಗೆ ಮುಗಿಯುತ್ತೆ ಅಕ್ಕ.”

“ನಿಧಾನಕ್ಕೇ ಆಗ್ತಿತ್ತಲ್ಲ,” ಅಂದಳು ಸೊಸೆ.

“ಪಾಪ, ಎಷ್ಟು ದಿನ ಅಂತ ಕಾಯ್ತೀಯ,” ಅಂದೆ ನಾನು.

ಮಧ್ಯಾಹ್ನದ ಊಟಕ್ಕೆ ಮೊದಲೇ ಕಾಪಿ ಮುಗಿಯಿತು.

ಡಿಸ್ಕನ್ನು ಹೊಸ ಪೋರ್ಟಿನಲ್ಲೇ ಬಿಟ್ಟು, ಸೊಸೆ ಅಂದೇ ಸಂಜೆಯ ಬಸ್ಸಿಗೆ ಹೊರಟುಹೋದಳು.