ಜೋಡಿ ವರಹ

“ನನ್ನ ಕೈ ನಡುಗುತ್ತೆ, ನೀವೇ ಎತ್ತಿ ಅಳಿಯಂದ್ರೇ,” ಎಂದು ಕೃಷ್ಣಪ್ಪ ನಂಬರಿನ ಫಲಕವನ್ನು ದುಶ್ಯಂತನ ಕೈಗೆ ತುರುಕಿದರು. ಶಿವಮೊಗ್ಗದ ಹರಾಜು ಸಭಾಂಗಣದ ಪರದೆಯ ಮೇಲೆ ಚಿನ್ನದ ಇಕ್ಕೇರಿ ವರಹ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿದ್ದ ಅರದ ಗೀರನ್ನು ದುಶ್ಯಂತ ಗುರುತಿಸಿದ. ಮದುವೆಯಲ್ಲಿ ಮಾವ ಮಗಳು ಸುಷ್ಮಾಗೆ ಕೊಟ್ಟಿದ್ದ ವರಹವನ್ನು ಹೋದ ವರ್ಷ ಅವನು ಹೆಂಡತಿಗೂ ಹೇಳದೆ ಮಾರಿದಾಗ, ಕೋಟೆ ಬೀದಿಯ ಅಕ್ಕಸಾಲಿ ಚಿನ್ನ ಪರೀಕ್ಷಿಸಲು ಎಳೆದ ಗೀರು ಅದು.

“ಎತ್ತಿ ಮಾರಾಯ್ರೇ, ನಿದ್ದೆ ಬಂತಾ?” ಮಾವ ಮೊಣಕೈಯಿಂದ ತಿವಿದರು. ಅವನು ಎತ್ತಿದ. ಮತ್ತೆ ಎತ್ತಿದ. ಸುತ್ತಿಗೆ ಬಿತ್ತು.

“ಗೆದ್ವಿ! ಸುಷ್ಮಾ ಹತ್ರ ಇರೋದಕ್ಕೆ ಜೋಡಿ ಸಿಕ್ತು. ಈಗ್ಲೇ ಭದ್ರಾವತಿಗೆ ಹೋಗೋಣ, ನಿಮ್ಮನೇಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ಬೇಕು.”

ಹರಾಜಿನವನು ಮುಂದಿನ ನಾಣ್ಯಕ್ಕೂ ಅವರ ನಂಬರನ್ನೇ ಕೂಗಿದ. ದುಶ್ಯಂತನ ಕೈ ಇನ್ನೂ ಇಳಿದಿರಲಿಲ್ಲ.