ಛತ್ರಿಯ ಕೆಳಗಿನ ಮುಖ

ಬಿದಿರಿನ ಗೋಪುರ ಹೊತ್ತವರಲ್ಲಿ ಮುಂದಿನವನು ತನ್ನ ತಮ್ಮ ಪಂಚಬೀರನೆಂದು ಗುರುತು ಸಿಕ್ಕಿದ್ದೇ ತಡ, ಆಸಕಾಜಿ ಐವತ್ತೈದು ಕಿಟಕಿಗಳ ಅರಮನೆಯ ಗೋಡೆಗೆ ಆತು ನಿಂತ.

ಭಕ್ತಪುರದ ಅರಸರ ಚೌಕದಲ್ಲಿ ಗಾಯಿಜಾತ್ರೆ. ಆ ವರ್ಷ ಸಾವು ಕಂಡ ಮನೆಗಳವರು ಸತ್ತವರ ಹೆಸರಿನಲ್ಲಿ ಗೋಪುರ ಕಟ್ಟಿ, ತುದಿಗೊಂದು ಛತ್ರಿ, ಅದರ ಕೆಳಗೆ ಫೋಟೊ ತೂಗಿಸಿ ಊರು ಸುತ್ತುವ ದಿನ.

ನಮ್ಮ ಮನೆಯಲ್ಲಿ ಸತ್ತವರು ಯಾರು? ತಾನೇ ಇರಬೇಕು ಎಂದು ಅವನಿಗೆ ಹೊಳೆಯಿತು. ತಮ್ಮನಿಗೆ ಹೊಡೆದು ಊರು ಬಿಟ್ಟು ಹನ್ನೆರಡು ವರ್ಷ ತುಂಬಿತ್ತು. ಅಷ್ಟು ಕಾಲ ಸುದ್ದಿಯಿಲ್ಲದವನಿಗೆ ದರ್ಭೆಯ ಬೊಂಬೆ ಸುಟ್ಟು ಕರ್ಮ ಮುಗಿಸುವುದು ರೂಢಿ. ಮುಗಿಸಿದ್ದರೆ ಆ ಮನೆಯ ಬಾಗಿಲು ಅವನ ಪಾಲಿಗೆ ಮುಚ್ಚಿದಂತೆಯೇ.

ಜಡಿಮಳೆ. ಗೋಪುರಕ್ಕೂ ಹೊತ್ತವರಿಗೂ ಪ್ಲಾಸ್ಟಿಕ್ ಹೊದಿಕೆ. ಫೋಟೊ ಬರೀ ಮಸುಕು.

"ಅಡಗಿಕೊಳ್ಳೋದು ಇನ್ನೂ ಬಿಟ್ಟಿಲ್ವೇನೋ, ಕಳ್ಳ?"

ಅಮ್ಮ! ಪಕ್ಕದಲ್ಲೇ ನಿಂತಿದ್ದಳು.

"ಎಷ್ಟು ಸೊರಗಿದೀಯ! ನೀನಿದ್ದ ಊರಲ್ಲಿ ಅವಲಕ್ಕಿನೂ ಸಿಗಲ್ವಾ?"

"ಅಮ್ಮಾ, ನನ್ನ ಕರ್ಮ ಮಾಡಿಬಿಟ್ರಾ?"

"ಮೊದಲು ಮೆರವಣಿಗೆ ಹಿಂದೆ ನಡಿ."

"ಪಂಚ ಒದೀತಾನೆ."

"ಒದೀಲಿ ಬಿಡು. ಹನ್ನೆರಡು ವರ್ಷದಿಂದ ಕಾಲು ತುರಿಸ್ತಿದೆ ಅವನಿಗೆ."

"ನೆನೀತೀಯಲ್ಲೇ, ಏನಾದ್ರೂ ಹೊದ್ಕೋ."

"ಈ ಮಳೆ ನನಗೇನು ಮಾಡುತ್ತೆ?"

ಇಬ್ಬರೂ ಹಿಂದೆ ನಡೆದರು. ಸೋದರಮಾವ ಎದುರೇ ಹಾದುಹೋದ, ತಿರುಗಿಯೂ ನೋಡಲಿಲ್ಲ. ಅತ್ತೆಯ ಕಣ್ಣು ಅವರಿಬ್ಬರ ಮೇಲೆ ಜಾರಿ ಮುಂದೆ ಹೋಯಿತು. ತಲೇಜು ದೇವಿಯ ಗಂಟೆ ಬಡಿಯಿತು. ಚೌಕದ ನಾಯಿಗಳು ಊಳಿಟ್ಟವು. ಈ ಊರಿಗೆ ತಾನು ಸತ್ತವನೇ ಎಂದು ಆಸಕಾಜಿಗೆ ಖಾತ್ರಿಯಾಯಿತು.

"ಕೈ ಹಿಡ್ಕೋ ಅಮ್ಮ. ಒಬ್ಬನೇ ಹೋಗೋಕೆ ಹೆದರಿಕೆ."

"ಕತ್ತೆಗಾದಷ್ಟು ವಯಸ್ಸಾಯ್ತು. ಒಬ್ಬನೇ ಹೋಗು."

ಅವನು ಮೆರವಣಿಗೆಯ ಕೋಲಾಟದವರನ್ನು ಸೀಳಿಕೊಂಡು ಮುಂದೆ ಓಡಿ ಗೋಪುರಕ್ಕೆ ಅಡ್ಡ ನಿಂತ. ಕೋಲುಗಳ ಸದ್ದು ನಿಂತಿತು. ಪಂಚಬೀರ ಮುಖದ ಮೇಲಿನ ಪ್ಲಾಸ್ಟಿಕ್ ಸರಿಸಿದ.

"ಇಷ್ಟು ವರ್ಷ ಎಲ್ಲಿ ಸತ್ತಿದ್ದೆ ಅಣ್ಣಾ? ನಿನ್ನ ಹುಡುಕದ ಊರಿಲ್ಲ."

"ಗೋಪುರ ಇಳಿಸೋ ಪಂಚ. ನಾನು ಬದುಕಿದೀನಿ."

"ನಿನಗ್ಯಾರು ಗೋಪುರ ಕಟ್ಟಿದ್ದು? ನಿನ್ನ ಕರ್ಮದ ಮಾತೆತ್ತಿದವರನ್ನ ಕೊನೇ ಉಸಿರಿನವರೆಗೂ ಬೈದು ಓಡಿಸಿದಳು ಅವಳು."

ಪಂಚಬೀರ ಬಿದಿರನ್ನು ಅಣ್ಣನ ಹೆಗಲಿಗೇರಿಸಿದ. "ಹಿಡಿ. ಇಲ್ಲಿಂದಾಚೆ ಅಮ್ಮನ್ನ ನೀನು ಹೊರು."